ಚೆನ್ನಮ್ಮಾಜಿಯ ಕೀರ್ತಿ, ಚೆನ್ನಮ್ಮಾಜಿಯ ಕೆಲಸ

ಕಥೆಯ ನಾಯಕಿಗೂ ರಾಜ್ಯದ ನಾಯಕಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ಕಥೆಯ ನಾಯಕಿ ತನ್ನ ಸಾಹಸವನ್ನು ಮೆರೆದೊಡನೆ ಕವಿ ಮಂಗಳ ಹಾಡುತ್ತಾನೆ, ಪರದೆ ಬೀಳುತ್ತದೆ, ಸಭಿಕರು ಕೈತಟ್ಟಿ ಮನೆಗೆ ಹೋಗುತ್ತಾರೆ. ರಾಜ್ಯದ ನಾಯಕಿಗೆ ಈ ಅನುಕೂಲವಿಲ್ಲ. ಜಯಘೋಷ ನಿಂತ ಮರುದಿನವೂ ಆಕೆ ಬೆಳಗಾಗೆದ್ದು ಕಂದಾಯದ ಲೆಕ್ಕ ಕೇಳಬೇಕು, ಗಡಿಯ ಠಾಣ್ಯದಿಂದ ಬಂದ ಓಲೆಯನ್ನು ಓದಿಸಬೇಕು, ಮುನಿದ ದಳವಾಯಿಯನ್ನು ಸಮಾಧಾನಪಡಿಸಬೇಕು. ಕೀರ್ತಿ ಬಂದ ಮೇಲೆ ಏನು ಎಂಬ ಪ್ರಶ್ನೆಯನ್ನು ಕಾವ್ಯ ಕೇಳುವುದು ಅಪೂರ್ವ. ಚರಿತ್ರೆಯಾದರೋ ಅದನ್ನು ಕೇಳದೆ ಇರುವಂತಿಲ್ಲ.

ನಮ್ಮ ಮಲೆನಾಡಿನಲ್ಲಿ ಈ ಪ್ರಶ್ನೆಗೆ ಉತ್ತರ ಬೇಕಾದವರು ಕೆಳದಿಯ ರಾಣಿ ಚೆನ್ನಮ್ಮಾಜಿಯ ಬಳಿಗೆ ಹೋಗಬೇಕು. ಶಿವಮೊಗ್ಗೆ, ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಈಕೆಯ ಹೆಸರನ್ನು ಕೇಳದ ಮಗುವಿಲ್ಲ. ಶಾಲೆಯ ವಾರ್ಷಿಕೋತ್ಸವ ಬಂತೆಂದರೆ ಒಬ್ಬ ಹುಡುಗಿ ಜರತಾರಿ ಸೀರೆಯುಟ್ಟು, ರಟ್ಟಿನ ಕತ್ತಿ ಹಿಡಿದು ಸಿಂಹಾಸನದ ಮೇಲೆ ಕೂಡುತ್ತಾಳೆ. ಕಾವಿ ತೊಟ್ಟ ಇನ್ನೊಬ್ಬ ಹುಡುಗ ಬಂದು, ತಾನು ಜಂಗಮನಲ್ಲ, ಶಿವಾಜಿಯ ಮಗ ರಾಜಾರಾಮ ಎಂದು ಹೇಳಿ ಆಶ್ರಯ ಬೇಡುತ್ತಾನೆ. ರಾಣಿ ಅಭಯ ಕೊಡುತ್ತಾಳೆ, ಔರಂಗಜೇಬನ ದಂಡು ಬರುತ್ತದೆ, ಸೋತು ಓಡುತ್ತದೆ. ಅಲ್ಲಿಗೆ ನಾಟಕ ಮುಗಿಯಿತು.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ತರಗತಿಯಲ್ಲಿ ಚಂಪೂಕಾವ್ಯಗಳ ಮಾತು ಬಂದಾಗ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವನ್ನು ಹೆಸರಿಸಿ, ಚೆನ್ನಮ್ಮಾಜಿಯ ವಿಷಯವಾಗಿ ನಿಮಗೇನು ಗೊತ್ತು ಎಂದು ಕೇಳುವುದುಂಟು. ಕೆಲವರು ಆಕೆಯನ್ನು ನೇರವಾಗಿ ಕಿತ್ತೂರಿಗೆ ಕಳುಹಿಸಿಬಿಡುತ್ತಾರೆ. ಕಿತ್ತೂರಿನ ಚೆನ್ನಮ್ಮ ಇಂಗ್ಲಿಷರೊಡನೆ ಕಾದಾಡಿದ್ದು 1824ರಲ್ಲಿ. ಕೆಳದಿಯ ಚೆನ್ನಮ್ಮಾಜಿ ತೀರಿಕೊಂಡು ಆಗ ನೂರಿಪ್ಪತ್ತು ವರ್ಷಗಳ ಮೇಲಾಗಿತ್ತು. ಇಬ್ಬರನ್ನೂ ಬೇರೆಬೇರೆಯಾಗಿ ಬಲ್ಲವರು ರಾಜಾರಾಮನ ಕಥೆ ಹೇಳಿ ನಿಲ್ಲುತ್ತಾರೆ. ಅದರಾಚೆಗೆ ಏನೂ ಇಲ್ಲ. ಹುಡುಗರನ್ನು ಅಂದು ಪ್ರಯೋಜನವಿಲ್ಲ; ನಾವು ಅವರಿಗೆ ಕೊಟ್ಟಿರುವುದೇ ಅಷ್ಟು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಚೆನ್ನಮ್ಮಾಜಿ ಪತಿಯ ಮರಣಾನಂತರ, 1671-72ರ ಸುಮಾರಿಗೆ ಆಳ್ವಿಕೆಗೆ ಬಂದಳು, 1697ರವರೆಗೆ ಆಳಿದಳು. ಇಪ್ಪತ್ತೈದು ವರ್ಷಗಳೆಂದರೆ ಒಂಬತ್ತು ಸಾವಿರ ದಿನಗಳಿಗೂ ಮಿಗಿಲು. ರಾಜಾರಾಮ ಪನ್ಹಾಳದ ಕೋಟೆಯನ್ನು ಬಿಟ್ಟಿದ್ದು 1689ರ ಸೆಪ್ಟೆಂಬರ್ ಕೊನೆಯಲ್ಲಿ. ತಮಿಳುನಾಡಿನ ಜಿಂಜಿಯನ್ನು ಸೇರಿದ್ದು ನವೆಂಬರ್ ಮೊದಲ ದಿನಗಳಲ್ಲಿ. ಅಷ್ಟು ದೂರದ ದಾರಿಯಲ್ಲಿ ಆತ ಕೆಳದಿಯ ಸೀಮೆಯಲ್ಲಿ ಕಳೆದದ್ದು ಕೆಲವೇ ದಿನಗಳಿರಬೇಕು. ಆ ಕೆಲವು ದಿನಗಳಿಂದ ಆಕೆಗೆ ಬಂದ ಕೀರ್ತಿ ಉಳಿದ ಒಂಬತ್ತು ಸಾವಿರ ದಿನಗಳನ್ನು ಮುಚ್ಚಿಬಿಟ್ಟಿದೆ. ಆ ಮುಚ್ಚಿಹೋದ ದಿನಗಳಲ್ಲಿಯೇ ನಿಜವಾದ ಚೆನ್ನಮ್ಮಾಜಿ ಇರುವಳೆಂಬುದು ನನ್ನ ನಂಬಿಕೆ.

ಆಕೆ ರಾಜಕುಲದಲ್ಲಿ ಹುಟ್ಟಿದವಳಲ್ಲ. ಸಿದ್ದಪ್ಪ ಶೆಟ್ಟಿಯೆಂಬ ವರ್ತಕನ ಮಗಳು. 1667ರಲ್ಲಿ ಹಿರಿಯ ಸೋಮಶೇಖರ ನಾಯಕ ಆಕೆಯನ್ನು ಮದುವೆಯಾದ. ಶಿಸ್ತಿನ ಶಿವಪ್ಪನಾಯಕ ತೀರಿಕೊಂಡು ಆಗಿನ್ನೂ ಏಳೇ ವರ್ಷ. ಆತ ಭೂಮಿಯನ್ನು ಅಳೆಯಿಸಿ ಗೊತ್ತುಮಾಡಿದ ಶಿಸ್ತಿನಿಂದಾಗಿ ಬೊಕ್ಕಸ ತುಂಬಿತ್ತು. ಘಟ್ಟದ ಮೇಲಿನ ಅಡಕೆ ಮೆಣಸುಗಳೂ ಕೆಳಗಿನ ಅಕ್ಕಿಯೂ ಮಂಗಳೂರು, ಬಸರೂರು, ಹೊನ್ನಾವರದ ಬಂದರುಗಳಿಂದ ಹಡಗು ಹತ್ತುತ್ತಿದ್ದವು. ಇಂಥ ಮನೆಗೆ ಸೊಸೆಯಾಗಿ ಬಂದವಳ ಭಾಗ್ಯವೇ ಭಾಗ್ಯ ಎಂದು ಊರು ಹೇಳಿರಬೇಕು. ಆ ಭಾಗ್ಯ ನಾಲ್ಕು ವರ್ಷ ನಿಲ್ಲಲಿಲ್ಲ. ಕಲಾವತಿಯೆಂಬ ನರ್ತಕಿಯ ಮೋಹಕ್ಕೆ ಬಿದ್ದು, ಆಕೆಯ ಕಡೆಯವನಾದ ಭರಮೆ ಮಾವುತನ ಮದ್ದಿನಿಂದ ಅರಸ ಬುದ್ಧಿಭ್ರಮಣೆಗೆ ಒಳಗಾದನೆಂದು ಪರಂಪರೆ ಹೇಳುತ್ತದೆ. ಮದ್ದಿನ ಮಾತು ಹೇಗಾದರೂ ಇರಲಿ, ಅರಸ ರಾಜ್ಯಭಾರಕ್ಕೆ ಒದಗದಾದದ್ದು, ಮಕ್ಕಳಿಲ್ಲದೆ 1671ರಲ್ಲಿ ಕೊಲೆಗೀಡಾದದ್ದು, ಇವೆರಡೂ ನಿಜ.

ಅರಸನಿಲ್ಲದ ಸಿಂಹಾಸನದ ಸುತ್ತ ಏನೇನು ನಡೆಯುತ್ತದೆಯೆಂಬುದನ್ನು ಊಹಿಸುವುದು ಕಷ್ಟವಲ್ಲ. ಒಳಗೆ ತಮ್ಮತಮ್ಮವರನ್ನು ಪಟ್ಟಕ್ಕೆ ತರಬೇಕೆಂಬ ಪಾಳೆಯದವರು. ಹೊರಗೆ ಸಮಯ ಕಾಯುತ್ತಿದ್ದ ಬಿಜಾಪುರ. ಬಿಜಾಪುರದ ದಂಡು ಬಿದನೂರಿನ ಮೇಲೆ ಬಂದಾಗ ಚೆನ್ನಮ್ಮಾಜಿ ರಾಜಧಾನಿಯಲ್ಲಿಯೇ ನಿಂತು ವೀರಮರಣ ಬಯಸಲಿಲ್ಲ. ಸಿಂಹಾಸನವನ್ನೂ ಭಂಡಾರವನ್ನೂ ಸಾಗಿಸಿಕೊಂಡು ಭುವನಗಿರಿ ದುರ್ಗಕ್ಕೆ, ಎಂದರೆ ಈಗ ನಾವು ಕವಲೇದುರ್ಗವೆಂದು ಕರೆಯುವ ತೀರ್ಥಹಳ್ಳಿ ಸೀಮೆಯ ಕೋಟೆಗೆ ಸರಿದಳೆಂದು ಹೇಳುತ್ತಾರೆ. ಸುತ್ತ ಕಾಡು, ಮೂರು ಸುತ್ತಿನ ಕಲ್ಲುಗೋಡೆ, ಮೇಲೆ ಮಲೆನಾಡಿನ ಮಳೆ. ಅಲ್ಲಿದ್ದುಕೊಂಡು ಚದುರಿದವರನ್ನು ಕೂಡಿಸಿ ಬಿದನೂರನ್ನು ಮತ್ತೆ ಕೈವಶ ಮಾಡಿಕೊಂಡಳು. ನಾಟಕದ ನಾಯಕಿ ಹಿಮ್ಮೆಟ್ಟುವುದಿಲ್ಲ. ಹಿಮ್ಮೆಟ್ಟಿದರೆ ಸಭಿಕರು ಮೆಚ್ಚುವುದಿಲ್ಲ. ರಾಜ್ಯ ಕಾಯುವವಳಿಗೆ ಹಿಮ್ಮೆಟ್ಟಬೇಕಾದ ಹೊತ್ತೂ ತಿಳಿದಿರಬೇಕು. ಸಾಯಲು ಸಿದ್ಧಳಾದ ರಾಣಿಗಿಂತ ಮರಳಿ ಬರಲು ಸಿದ್ಧಳಾದ ರಾಣಿ ಪ್ರಜೆಗಳಿಗೆ ಹೆಚ್ಚು ಬೇಕಾದವಳು.

ಪಟ್ಟಕ್ಕೆ ಬಂದ ಮೇಲೆ ಆಕೆ ತನ್ನ ಹೆಸರನ್ನು ಹೇಗೆ ಬಳಸಿದಳೆಂಬುದನ್ನು ಗಮನಿಸಬೇಕು. ಆಕೆಯ ಕಾಲದ ಶಾಸನಗಳಲ್ಲಿ ಆಕೆ ಸೋಮಶೇಖರ ನಾಯಕರ ಧರ್ಮಪತ್ನಿ ಚೆನ್ನಮ್ಮಾಜಿ ಎಂದೇ ಕಾಣಿಸಿಕೊಳ್ಳುತ್ತಾಳೆ. ಕೊನೆಗೆ ಹಾಕುವ ಒಪ್ಪ ‘ಶ್ರೀ ಸದಾಶಿವ’ ಎಂಬ ಮನೆತನದ ಒಪ್ಪ. ಸದಾಶಿವ ನಾಯಕನ ವಂಶದ ಗುರುತು. ಬುದ್ಧಿಭ್ರಮಣೆಯಾಗಿ ಕೊಲೆಯಾದ ಗಂಡನ ಹೆಸರನ್ನು ಆಕೆ ಮರೆಮಾಡಲಿಲ್ಲ. ತನ್ನ ಹೆಸರನ್ನು ಆತನ ಹೆಸರಿನ ಮುಂದಕ್ಕೆ ನೂಕಲಿಲ್ಲ. ಇದನ್ನು ಪತಿಭಕ್ತಿಯೆಂದು ಹೊಗಳುವವರು ಹೊಗಳಲಿ. ನನಗೆ ಇದರಲ್ಲಿ ರಾಜನೀತಿಯೂ ಕಾಣುತ್ತದೆ. ವರ್ತಕನ ಮಗಳೊಬ್ಬಳು ಆಳುತ್ತಾಳೆಂದರೆ ಪಾಳೆಯಗಾರರು ಬಾಗರು; ಕೆಳದಿಯ ಮನೆತನ ಆಳುತ್ತದೆಯೆಂದರೆ ಬಾಗುತ್ತಾರೆ. ಹಾಗೆಂದೇ ಆಕೆ ತನ್ನ ಹೆಸರನ್ನು ಮನೆತನದ ಒಪ್ಪದ ಹಿಂದಕ್ಕೆ ಸರಿಸಿ ಕೆಲಸವನ್ನು ಮಾತ್ರ ಮುಂದಕ್ಕೆ ತಂದಳು. ಕೀರ್ತಿಯೊಡನೆ ಬಾಳಲು ಇದೊಂದು ದಾರಿ, ಅದೂ ಬಹು ಹಳೆಯ ದಾರಿ.

ಕೆಲಸವಾದರೂ ಎಂಥದು? ಉತ್ತರದಲ್ಲಿ ಬಿಜಾಪುರ, ದಕ್ಷಿಣದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು, ವಾಯವ್ಯದಲ್ಲಿ ಮರಾಠರು, ಪಡುವಣ ಕಡಲಿನಲ್ಲಿ ಪೋರ್ಚುಗೀಸರು. ನಾಲ್ಕು ಕಡೆ ನಾಲ್ಕು ಶಕ್ತಿಗಳು. ಮೈಸೂರಿನೊಡನೆ ಆಕೆ ಕಾದಾಡಿದ್ದೂ ಉಂಟು, ಸಂಧಿ ಮಾಡಿಕೊಂಡದ್ದೂ ಉಂಟು. ಶಿವಾಜಿಯೇ 1675ರಲ್ಲಿ ಕಾರವಾರ ಅಂಕೋಲೆಗಳನ್ನು ಹಿಡಿದು ಕೆಳದಿಯ ಬಾಗಿಲಿಗೆ ಬಂದಿದ್ದ. ಮರಾಠರು ನೆರೆಯವರಾಗಿದ್ದರೇ ಹೊರತು ನೆಂಟರಾಗಿರಲಿಲ್ಲ. ಗೋವೆಯ ಪೋರ್ಚುಗೀಸರೊಡನೆ 1678ರಲ್ಲಿ ಒಪ್ಪಂದವಾಯಿತು. ಮಂಗಳೂರಿನಲ್ಲಿ ಅವರ ಕೋಠಿಗೆ ಅವಕಾಶ ದೊರೆಯಿತು. ಕಡಲ ಮೇಲೆ ಬಲವುಳ್ಳವರನ್ನು ನೆಲದ ಮೇಲೆ ವ್ಯಾಪಾರಿಗಳಾಗಿ ಕಟ್ಟಿಹಾಕುವ ನೀತಿ ಇದು. ವರ್ತಕರ ಮನೆಯಲ್ಲಿ ಬೆಳೆದವಳಿಗೆ ಕೊಡುವ ಕೊಳ್ಳುವ ಮಾತಿನ ಬೆಲೆ ತಿಳಿದಿತ್ತೆಂದು ತೋರುತ್ತದೆ.

ಇತ್ತ ಬಯಲುಸೀಮೆಯ ಕಡೆ ಹುಲಿಕೆರೆಯೆಂಬಲ್ಲಿ ಕೋಟೆಯನ್ನು ಬಲಪಡಿಸಿದಳು. ಆ ಊರು ಆಕೆಯ ಹೆಸರಿನಿಂದ ಚನ್ನಗಿರಿಯಾಯಿತು. 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದು ಆಮೇಲೆ ದಾವಣಗೆರೆಗೆ ಸೇರಿದ ಚನ್ನಗಿರಿ ಇದೇ. ಆ ಊರಿನ ಹೆಸರನ್ನು ದಿನಾ ಬಾಯಲ್ಲಿ ಹೇಳುವ ಎಷ್ಟು ಮಂದಿಗೆ ಅದರಲ್ಲಿ ರಾಣಿಯ ಹೆಸರಿದೆಯೆಂಬುದು ನೆನಪಿಗೆ ಬರುತ್ತದೋ ತಿಳಿಯದು. ಧರ್ಮದ ವಿಷಯದಲ್ಲಿಯೂ ಮನೆತನದ ಪದ್ಧತಿಯನ್ನು ಬಿಡಲಿಲ್ಲ. ಕೆಳದಿಯವರು ವೀರಶೈವರು, ಆದರೂ ಶೃಂಗೇರಿಯ ಮಠದ ಕಡತಗಳಲ್ಲಿ ಆ ಅರಸರ ನಿರೂಪಗಳು ಸಾಲುಸಾಲಾಗಿವೆ. ಕೊಲ್ಲೂರಿನ ಮೂಕಾಂಬಿಕೆಗೆ ಚಿನ್ನದ ಮುಖವಾಡವನ್ನು ಮಾಡಿಸಿಕೊಟ್ಟವಳು ಚೆನ್ನಮ್ಮಾಜಿಯೆಂದು ಇಂದಿಗೂ ಹೇಳುತ್ತಾರೆ.

ಎಲ್ಲಕ್ಕಿಂತ ದೊಡ್ಡ ಕೆಲಸ ಉತ್ತರಾಧಿಕಾರಿಯನ್ನು ಸಿದ್ಧಮಾಡುವುದು. ತನಗೆ ಮಕ್ಕಳಿಲ್ಲವಾಗಿ ಬಸಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡಳು. ದತ್ತು ತೆಗೆದುಕೊಳ್ಳುವುದು ಒಂದು ದಿನದ ಶಾಸ್ತ್ರ. ಅರಸನನ್ನು ಬೆಳೆಸುವುದು ಇಪ್ಪತ್ತು ವರ್ಷಗಳ ಶ್ರಮ. ಆ ಹುಡುಗ 1697ರಲ್ಲಿ ತಾಯಿಯ ತರುವಾಯ ಪಟ್ಟವೇರಿ 1714ರವರೆಗೆ ಆಳಿದ ಹಿರಿಯ ಬಸಪ್ಪನಾಯಕ. ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ಮಹಾಗ್ರಂಥದ ಕರ್ತೃ. ಒಂಬತ್ತು ಕಲ್ಲೋಲಗಳು, ನೂರೆಂಟು ತರಂಗಗಳು. ಅದರಲ್ಲಿ ವೇದಾಂತವಿದೆ, ಸಂಗೀತವಿದೆ, ವೈದ್ಯವಿದೆ, ಅಡಿಗೆಯಿದೆ, ಆನೆ ಕುದುರೆಗಳ ಲಕ್ಷಣವಿದೆ. ಕೆಳದಿಯ ಅರಸರ ಚರಿತ್ರೆಯೂ ಇದೆ. ಇಷ್ಟೆಲ್ಲ ಓದಲು ಆ ಮಗನಿಗೆ ಬಿಡುವು ಎಲ್ಲಿಂದ ಬಂತು? ಒಳಗೂ ಹೊರಗೂ ಗಲಭೆಯಿದ್ದ ಕಾಲದಲ್ಲಿ ಅರಮನೆಯೊಳಗೆ ಒಂದು ಪುಸ್ತಕದ ಕೋಣೆಯನ್ನು ನಿಶ್ಶಬ್ದವಾಗಿ ಇಟ್ಟವರು ಯಾರು? ಉತ್ತರ ಒಂದೇ. ಚೆನ್ನಮ್ಮಾಜಿಯ ನಿಜವಾದ ಕೀರ್ತಿಸ್ತಂಭ ಈ ಗ್ರಂಥವೆಂದು ನಾನು ಹೇಳಿದರೆ ಅದು ಕನ್ನಡ ಮೇಷ್ಟರ ಪಕ್ಷಪಾತವೆಂದು ವಾಚಕರು ನಗಬಾರದು.

ಈಗ 1689ಕ್ಕೆ ಬರೋಣ. ಆ ವೇಳೆಗೆ ಚೆನ್ನಮ್ಮಾಜಿ ಹದಿನೆಂಟು ವರ್ಷ ಆಳಿ ನುರಿತಿದ್ದಳು. ಔರಂಗಜೇಬನ ಅಧಿಕಾರ ಆಗ ನಡುನೆತ್ತಿಯ ಸೂರ್ಯನಂತಿತ್ತು. 1686ರಲ್ಲಿ ಬಿಜಾಪುರ ಬಿತ್ತು, 1687ರಲ್ಲಿ ಗೋಲ್ಕೊಂಡ ಬಿತ್ತು. 1689ರ ಮಾರ್ಚಿಯಲ್ಲಿ ಶಿವಾಜಿಯ ಹಿರಿಯ ಮಗ ಸಂಭಾಜಿಯನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ರಾಯಗಡವನ್ನು ಮೊಗಲರು ಮುತ್ತಿದರು. ತಮ್ಮ ರಾಜಾರಾಮ ತಪ್ಪಿಸಿಕೊಂಡು ಪನ್ಹಾಳಕ್ಕೆ, ಅಲ್ಲಿಂದ ವೇಷ ಮರೆಸಿಕೊಂಡು ದಕ್ಷಿಣಕ್ಕೆ ಹೊರಟ. ಆತನ ದಾರಿ ಕೆಳದಿಯ ಸೀಮೆಯ ಮೂಲಕವೇ ಹೋಗಬೇಕು. ಅಲ್ಲಿಯವರೆಗೆ ಆತನ ಹಿಂದೆಯೇ ಬಂದ ದಂಡು ಅಲ್ಲಿಂದ ಮುಂದೆಯೂ ಬರುವುದೆಂಬುದು ಎಲ್ಲರಿಗೂ ತಿಳಿದಿತ್ತು.

ಸಭೆಯಲ್ಲಿ ಮಂತ್ರಿಗಳು ಹೆದರಿದರೆಂದೂ, ಬಂದವನಿಗೆ ಆಶ್ರಯ ಕೊಡುವುದು ಅರಸರ ಧರ್ಮವೆಂದು ರಾಣಿ ನಿಶ್ಚಯಿಸಿದಳೆಂದೂ ಪರಂಪರೆ ಹೇಳುತ್ತದೆ. ನಾಟಕಕಾರರಿಗೆ ಈ ಸಭೆಯೇ ಸರ್ವಸ್ವ. ಮಂತ್ರಿಗಳನ್ನು ಹೇಡಿಗಳೆಂದು ತೋರಿಸಿದಷ್ಟೂ ನಾಯಕಿಯ ಕಿರೀಟ ಹೊಳೆಯುತ್ತದೆ. ಆದರೆ ಆ ಮಂತ್ರಿಗಳು ಹೇಳಿದ್ದು ಸುಳ್ಳಲ್ಲ. ಬಿಜಾಪುರ ಗೋಲ್ಕೊಂಡಗಳಂಥ ರಾಜ್ಯಗಳನ್ನೇ ನುಂಗಿದವನ ಕೋಪಕ್ಕೆ ಗುರಿಯಾದರೆ ಬೇಯುವುದು ಅರಮನೆಯೊಂದೇ ಅಲ್ಲ; ಗಡಿಯ ಹಳ್ಳಿಗಳ ಗದ್ದೆ ಕಣಜಗಳೂ ಬೇಯುತ್ತವೆ. ಆ ಮಾತಿಗೂ ತೂಕವಿತ್ತು. ಇನ್ನೊಂದು ಕಡೆ, ಬಿಜಾಪುರ ಹೋದ ಮೇಲೆ ಕೆಳದಿಗೂ ಮೊಗಲರಿಗೂ ನಡುವೆ ತಡೆಯೆಂಬುದು ಉಳಿದಿರಲಿಲ್ಲ. ಮರಾಠರೂ ಅಳಿದರೆ ಮುಂದಿನ ಸರದಿ ಯಾರದೆಂದು ಕೇಳಬೇಕಾಗಿರಲಿಲ್ಲ. ಧರ್ಮವೂ ರಾಜ್ಯದ ಹಿತವೂ ಒಂದೇ ದಾರಿಯನ್ನು ತೋರಿಸುವುದು ಅಪರೂಪ. ತೋರಿಸಿದಾಗಲೂ ಆ ದಾರಿ ಸುರಕ್ಷಿತವೇನೂ ಅಲ್ಲ. ಎರಡೂ ಕಡೆಯ ಅಪಾಯವನ್ನು ತೂಗಿ ನೋಡಿ, ತನ್ನ ಪ್ರಜೆಗಳ ಮೇಲೆ ಬೀಳುವ ಪೆಟ್ಟನ್ನು ಅರಿತೂ ಆಕೆ ಹೂಂ ಎಂದಳು. ಹೆದರಿಕೆಯೇ ಇಲ್ಲದ ಗೊಂಬೆಗಿಂತ ಹೆದರಿಕೆಯನ್ನು ಅರಿತು ಹೂಂ ಎಂದವಳೇ ನನಗೆ ದೊಡ್ಡವಳಾಗಿ ಕಾಣುತ್ತಾಳೆ.

ನಾನಿರುವ ಹೊಳಲೂರು ಶಿವಮೊಗ್ಗೆಯಿಂದ ಹೊನ್ನಾಳಿಗೆ ಹೋಗುವ ದಾರಿಯಲ್ಲಿದೆ. ಕೂಡಲಿಯಲ್ಲಿ ಒಂದಾದ ತುಂಗೆ ಭದ್ರೆಯರು ನಮ್ಮ ಸೀಮೆಯನ್ನು ಹಾಯ್ದು ಬಯಲಿಗೆ ಇಳಿಯುತ್ತಾರೆ. ಈ ತುಂಗಭದ್ರೆಯೇ ಆ ಕಥೆಯಲ್ಲಿಯೂ ಬರುತ್ತಾಳೆ. ಫಾರ್ಸಿ ಆಧಾರಗಳಿಂದ ಔರಂಗಜೇಬನ ಚರಿತ್ರೆಯನ್ನು ಬರೆದ ಸರ್ ಜದುನಾಥ ಸರ್ಕಾರರ ಪ್ರಕಾರ, ಕೆಳದಿಯ ಗಡಿಯ ಬಳಿ ತುಂಗಭದ್ರೆಯ ನಡುಗಡ್ಡೆಯೊಂದರಲ್ಲಿ ಮರಾಠರ ತಂಡ ತಂಗಿದ್ದಾಗ ಮೊಗಲ ಸರದಾರನೊಬ್ಬ ನಡುರಾತ್ರಿಯಲ್ಲಿ ಮೇಲೆಬಿದ್ದ. ರಾಜಾರಾಮ ತಪ್ಪಿಸಿಕೊಂಡು ರಾಣಿಯ ಸೀಮೆಯಲ್ಲಿ ಅಡಗಿದ. ಮಳೆಗಾಲ ಆಗತಾನೆ ಹಿಂಜರಿದ ದಿನಗಳವು. ಆಗ ತುಂಗಭದ್ರೆ ಹೇಗಿರುತ್ತಾಳೆಂಬುದನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ: ಕೆಂಪು ನೀರು, ಒಳಸುಳಿ, ಹರಿಗೋಲಿನವನೂ ಹಿಂದುಮುಂದು ನೋಡುವ ಸೆಳವು. ಆ ಕತ್ತಲಲ್ಲಿ ದಾರಿ ತೋರಿಸಿದವರು, ದೋಣಿ ದಾಟಿಸಿದವರು, ಅಡಗಿಸಿಟ್ಟು ಅನ್ನ ಹಾಕಿದವರು ಕೆಳದಿಯ ಸಾಮಾನ್ಯ ಪ್ರಜೆಗಳೇ ಆಗಿರಬೇಕು. ರಾಣಿ ಕೊಟ್ಟ ಮಾತನ್ನು ನಡೆಸಿದವರು ಹೆಸರಿಲ್ಲದ ಇವರು. ನಾಟಕದಲ್ಲಿ ಇವರಿಗೆ ಪಾತ್ರವಿಲ್ಲ.

ಮುಂದೆ ನಡೆದದ್ದನ್ನು ಎರಡು ಕಡೆಯವರು ಎರಡು ಬಗೆಯಾಗಿ ಹೇಳುತ್ತಾರೆ. ಕೆಳದಿಯ ಪರಂಪರೆಯಲ್ಲಿ ಮೊಗಲರ ದಂಡು ಮಲೆನಾಡಿನ ಕಣಿವೆಗಳಲ್ಲಿ ಪೆಟ್ಟುತಿಂದು ಸಂಧಿಗೆ ಇಳಿಯಿತು. ಮೊಗಲರ ಕಡೆಯ ಬರಹಗಾರರ ಮಾತಿನಲ್ಲಿ ಜಾನ್ ನಿಸಾರ್ ಖಾನ್ ದಂಡಿಗೆ ಬಂದ, ರಾಣಿ ಸ್ವಲ್ಪ ದಂಡ ತೆತ್ತು ಪಾರಾದಳು. ಮರಾಠರ ಸಂತಾಜಿ ಘೋರ್ಪಡೆ ನಡುವೆ ಬಂದು ಖಾನನನ್ನು ಕಾಡಿದ್ದೂ ಉಂಟು. ನಮ್ಮವರ ಮಾತೇ ಪೂರ್ತಿ ನಿಜ, ಅವರದು ಸುಳ್ಳು ಎಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಪ್ಪಬೇಕಾದ ಅಗತ್ಯವೂ ಇಲ್ಲ. ದಂಡ ತೆತ್ತಳೆಂದೇ ಇಟ್ಟುಕೊಳ್ಳೋಣ. ಅದರಿಂದ ಕಳೆದುಹೋದದ್ದೇನು? ಬಂದವನು ಕ್ಷೇಮವಾಗಿ ಜಿಂಜಿ ಸೇರಿದ, ರಾಜ್ಯ ಉಳಿಯಿತು, ಗದ್ದೆಗಳಲ್ಲಿ ಮರುವರ್ಷ ನಟ್ಟಿಯಾಯಿತು. ಹಣ ಕೊಟ್ಟು ಯುದ್ಧವನ್ನು ನಿಲ್ಲಿಸುವುದು ಕವಿಗೆ ರುಚಿಸುವುದಿಲ್ಲ. ಮಗನನ್ನು ದಂಡಿಗೆ ಕಳುಹಿಸಿ ಬಾಗಿಲಲ್ಲಿ ನಿಂತ ತಾಯಿಗೆ ಅದಕ್ಕಿಂತ ರುಚಿಸುವ ಸುದ್ದಿ ಇನ್ನೊಂದಿಲ್ಲ.

ಇದಾದ ಮೇಲೆ ಚೆನ್ನಮ್ಮಾಜಿ ಇನ್ನೂ ಎಂಟು ವರ್ಷ ಆಳಿದಳು. ಆ ಎಂಟು ವರ್ಷಗಳಲ್ಲಿ ನಾಟಕಕ್ಕೆ ಒದಗುವ ದೃಶ್ಯ ಒಂದೂ ಇಲ್ಲ. ಶಾಸನಗಳು, ದತ್ತಿಗಳು, ಗಡಿಯ ತಂಟೆಗಳು, ಬೆಳೆದ ಮಗನ ಕೈಗೆ ಮೆಲ್ಲಮೆಲ್ಲನೆ ಅಧಿಕಾರ. ತನ್ನ ಕೀರ್ತಿಯನ್ನು ನೆಚ್ಚಿಕೊಂಡು ಆಕೆ ಇನ್ನೊಂದು ಸಾಹಸಕ್ಕೆ ಕೈಹಾಕಲಿಲ್ಲ. ಔರಂಗಜೇಬನನ್ನು ಕೆಣಕಲು ಹೋಗಲಿಲ್ಲ. ಹೆಸರು ಬಂದವರಿಗೆ ಆ ಹೆಸರನ್ನು ಮತ್ತೆಮತ್ತೆ ಗಳಿಸಿಕೊಳ್ಳಬೇಕೆಂಬ ಚಪಲ ಸಹಜ. ಅದನ್ನು ಗೆದ್ದದ್ದು ಮೊಗಲರ ದಂಡನ್ನು ತಡೆದುದಕ್ಕಿಂತ ಕಡಮೆಯ ಗೆಲುವಲ್ಲ.

ಕೀರ್ತಿಯೆಂಬುದು ಎಷ್ಟು ಚಂಚಲವೆಂಬುದಕ್ಕೆ ಅದೇ ಮನೆತನದ ಇನ್ನೊಬ್ಬ ರಾಣಿ ಸಾಕ್ಷಿ. 1757ರಲ್ಲಿ ಆಳ್ವಿಕೆಗೆ ಬಂದ ವೀರಮ್ಮಾಜಿಯೂ ವಿಧವೆ, ಆಕೆಗೂ ದತ್ತುಮಗ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದು ಅದಕ್ಕೆ ಹೈದರನಗರವೆಂದು ಹೆಸರಿಟ್ಟ. ಅದೇ ಇಂದಿನ ನಗರ. ಬಲ್ಲಾಳರಾಯನ ದುರ್ಗದಲ್ಲಿ ಸಿಕ್ಕಿಬಿದ್ದ ರಾಣಿಯನ್ನು ಮಧುಗಿರಿಯಲ್ಲಿ ಸೆರೆಯಿಟ್ಟ. 1767ರಲ್ಲಿ ಪೇಶ್ವೆ ಮಾಧವರಾಯ ಬಿಡಿಸಿದ, ಪುಣೆಯ ದಾರಿಯಲ್ಲಿ ಆಕೆ ಕಣ್ಣುಮುಚ್ಚಿದಳು. ಈಕೆಯ ವಿಷಯವಾಗಿ ಇತಿಹಾಸಗಳಲ್ಲಿ ಓದಸಿಗುವುದು ಹೆಚ್ಚಾಗಿ ಅಪವಾದವೇ. ನಿಜವೆಷ್ಟು, ಗೆದ್ದವರ ಕಡೆಯ ಮಾತೆಷ್ಟು, ಯಾರು ವಿಂಗಡಿಸಬೇಕು? ಚೆನ್ನಮ್ಮಾಜಿಯೂ ಮೊದಲ ವರ್ಷದಲ್ಲಿಯೇ ಬಿಜಾಪುರಕ್ಕೆ ಸೋತಿದ್ದರೆ ಆಕೆಯ ಮೇಲೂ ಇಂಥದೇ ಕಥೆ ಹುಟ್ಟುತ್ತಿತ್ತೋ ಏನೋ. ಆಳುವ ಹೆಂಗಸಿಗೆ ಲೋಕ ಎರಡೇ ವೇಷಗಳನ್ನು ಇಟ್ಟಿದೆ: ಗೆದ್ದರೆ ದೇವಿ, ಸೋತರೆ ಕುಲಟೆ. ಕೆಲಸ ಮಾಡುವ ಮನುಷ್ಯಳಾಗಿ ಇರಲು ಬಿಡುವುದಿಲ್ಲ.

ಇನ್ನೊಂದು ವಿಶೇಷವನ್ನು ಹೇಳಿಬಿಡುತ್ತೇನೆ. ಚೆನ್ನಮ್ಮಾಜಿ ಕಾಪಾಡಿ ಕಳುಹಿಸಿದ ರಾಜಾರಾಮ 1700ರಲ್ಲಿ ಸಿಂಹಗಡದಲ್ಲಿ ತೀರಿಕೊಂಡ. ಆಮೇಲೆ ಆತನ ಪತ್ನಿ ತಾರಾಬಾಯಿ ಎಳೆಯ ಮಗನನ್ನು ಮುಂದಿಟ್ಟುಕೊಂಡು, 1707ರಲ್ಲಿ ಔರಂಗಜೇಬ ಸಾಯುವವರೆಗೆ ಮರಾಠರ ಹೋರಾಟವನ್ನು ನಡೆಸಿದಳು. ಗಂಡನನ್ನು ಕಾಪಾಡಿದ ರಾಣಿ ಹಿಂದೆ ಹೊತ್ತ ಭಾರವನ್ನೇ ಹೆಂಡತಿಯೂ ಹೊರಬೇಕಾಯಿತು.

ಕೆಳದಿಗೆ ಹೋದವರಿಗೆ ಅಲ್ಲಿನ ದೇವಾಲಯದಲ್ಲಿ ಒಂದು ಉಬ್ಬುಶಿಲ್ಪವನ್ನು ತೋರಿಸಿ, ರಾಜಾರಾಮನನ್ನು ಬರಮಾಡಿಕೊಳ್ಳುತ್ತಿರುವ ಚೆನ್ನಮ್ಮಾಜಿ ಇವಳೇ ಎಂದು ಹೇಳುತ್ತಾರೆ. ನೋಡಿ ಕೈಮುಗಿಯುವುದು ಸರಿಯೇ. ಆದರೆ ಆಕೆಯ ಸಮಾಧಿಯಿರುವುದು ನಗರದ ಕೊಪ್ಪಲು ಮಠದಲ್ಲಿ. ಅಲ್ಲಿಗೆ ಹೋಗುವವರು ಕಡಮೆ. ಬಿಡುವಿದ್ದವರು ಒಮ್ಮೆ ಹೋಗಿಬರಬೇಕು. ದಾರಿಯಲ್ಲಿ ಕವಲೇದುರ್ಗವನ್ನು ಹತ್ತಿ ಆಕೆ ಹಿಮ್ಮೆಟ್ಟಿ ಕಾದ ಜಾಗವನ್ನು ನೋಡಬೇಕು. ಚನ್ನಗಿರಿಯ ಕೋಟೆಯನ್ನು ಆಕೆಯ ಹೆಸರಿನೊಡನೆ ನೆನೆಯಬೇಕು. ಶಾಲೆಯ ನಾಟಕವನ್ನು ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ಮಕ್ಕಳಿಗೆ ಅದು ಬೇಕು. ಅದಕ್ಕೆ ಇನ್ನೊಂದು ಅಂಕ ಸೇರಲಿ ಎಂದಷ್ಟೇ ನನ್ನ ಆಸೆ: ಸಿಂಹಾಸನದಿಂದ ಇಳಿದ ರಾಣಿ ದೀಪದ ಮುಂದೆ ಕುಳಿತು ಶಾನುಭೋಗನಿಂದ ಲೆಕ್ಕ ಕೇಳುತ್ತಾಳೆ, ಪಕ್ಕದಲ್ಲಿ ಮಗ ಓದುತ್ತಿದ್ದಾನೆ, ಕಾಗದದ ಕೊನೆಗೆ ‘ಶ್ರೀ ಸದಾಶಿವ’ ಎಂಬ ಒಪ್ಪ ಬೀಳುತ್ತದೆ. ಚಪ್ಪಾಳೆ ಬೀಳದೆ ಹೋಗಬಹುದು. ರಾಜ್ಯ ನಡೆದದ್ದು ಮಾತ್ರ ಆ ಅಂಕದಲ್ಲಿಯೇ.